ಹೊಳೆಬಾಗಿಲಿನ ಒಂದು ಲಾಂಚನ್ನಾದರೂ ನೀರಿನಲ್ಲೇ ಉಳಿಸಿ: 1863ರ ಕಬ್ಬಿಣದ ಹಡಗೊಂದರ ಕಥೆ

ಮಾನ್ಯ ಸಂಪಾದಕರೇ,

ಕಳೆದ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆ ಆಯಿತು. ಆಮೇಲಿಂದ ಸಾಗರದ ಕಡೆ ಹೋದಲ್ಲೆಲ್ಲ ಒಂದೇ ಮಾತು, ಶರಾವತಿ ಹಿನ್ನೀರಿನಲ್ಲಿ ಜನ, ವಾಹನ ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚ್‌ಗಳನ್ನು ಇನ್ನೇನು ಮಾಡೋದು ಅಂತ. ಗುಜರಿಗೆ ಹಾಕಿ ಅನ್ನುವವರು ಜಾಸ್ತಿ. ದಡಕ್ಕೆ ಎಳೆದು ಬಣ್ಣ ಬಳಿದು, ಸುತ್ತ ಬೇಲಿ ಹಾಕಿ, ಪಕ್ಕದಲ್ಲೊಂದು ಬೋರ್ಡು ನಿಲ್ಲಿಸಿ ಅನ್ನುವವರೂ ಇದ್ದಾರೆ. ನಾನು ಕೇಳುವುದು ಬೇರೆ. ಒಂದು ಲಾಂಚನ್ನಾದರೂ ನೀರಿನಲ್ಲೇ ಇಡಿ, ಅದನ್ನು ಓಡಿಸುತ್ತಲೇ ಇರಿ. ಯಾಕೆ ಅಂತ ಹೇಳುವುದಕ್ಕೆ ಸ್ವಲ್ಪ ದೂರ ಹೋಗಬೇಕು, ಹಾಗಾಗಿ ಪತ್ರ ಉದ್ದವಾಗುತ್ತದೆ. ದಯವಿಟ್ಟು ಕತ್ತರಿಸಬೇಡಿ.

ನಾನು ಭದ್ರಾವತಿಯವನು. ಫಿಟ್ಟರ್ ಕೆಲಸ ಮಾಡಿ ನಿವೃತ್ತನಾದವನು. ಕಬ್ಬಿಣದ ಜೊತೆಯೇ ಬದುಕು ಕಳೆಯಿತು. ಮಗಳು ಅಮೆರಿಕದಲ್ಲಿದ್ದಾಳೆ, ಅವಳ ಮನೆಗೆ ಹೋಗಿದ್ದಾಗ ಸ್ಯಾನ್ ಡಿಯಾಗೋ ಬಂದರಿನಲ್ಲಿ ಒಂದು ಹಡಗು ನೋಡಿದೆ. ಹೆಸರು 'ಸ್ಟಾರ್ ಆಫ್ ಇಂಡಿಯಾ'. ಕಬ್ಬಿಣದ ಒಡಲು, ಮೂರು ಹಾಯಿಕಂಬ, ಉದ್ದ 205 ಅಡಿ, ಅಗಲ 35 ಅಡಿ. ಅದಕ್ಕೆ ಎಂಜಿನ್ ಅನ್ನುವುದೇ ಇಲ್ಲ, ಹಿಂದೆಯೂ ಇರಲಿಲ್ಲ. ಅದು ನೀರಿಗಿಳಿದದ್ದು 1863ರ ನವೆಂಬರ್ 14ರಂದು. ಸಿಪಾಯಿ ದಂಗೆ ಮುಗಿದು ಬರೀ ಐದಾರು ವರ್ಷ ಆಗಿತ್ತು. ಸೂಯೆಜ್ ಕಾಲುವೆ ಇನ್ನೂ ತೆರೆದಿರಲಿಲ್ಲ. ಆ ಹಡಗು ಇವತ್ತಿಗೂ ತೇಲುತ್ತದೆ, ಇವತ್ತಿಗೂ ಹಾಯಿ ಬಿಚ್ಚಿ ಸಮುದ್ರಕ್ಕೆ ಹೋಗಿ ಬರುತ್ತದೆ.

ಹುಟ್ಟಿದ್ದು ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಐಲ್ ಆಫ್ ಮ್ಯಾನ್ ಅನ್ನುವ ಸಣ್ಣ ದ್ವೀಪದ ರಾಮ್ಸಿ ಎಂಬ ಊರಲ್ಲಿ. ಆಗ ಇಟ್ಟ ಹೆಸರು 'ಯೂಟರ್ಪಿ', ಗ್ರೀಕರ ಸಂಗೀತದೇವತೆಯ ಹೆಸರು. ಮಾಡಿಸಿದವರು ಲಿವರ್‌ಪೂಲಿನ ವೇಕ್‌ಫೀಲ್ಡ್ ನ್ಯಾಶ್ ಕಂಪನಿ. ಕಲ್ಕತ್ತೆಯಿಂದ ಸೆಣಬು ತರುವುದಕ್ಕೆ ಅಂತಲೇ ಮಾಡಿಸಿದ್ದು. ಆ ಕಾಲಕ್ಕೆ ಹಡಗು ಅಂದರೆ ಮರ. ಕಬ್ಬಿಣದ ಹಡಗು ಬರುತ್ತಿತ್ತು, ಆದರೆ ಜನಕ್ಕೆ ಅದರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ.

ನಂಬಿಕೆ ಇಲ್ಲದ್ದಕ್ಕೆ ಕಾರಣವೂ ಇತ್ತು. ಮೊದಲನೆಯದು ದಿಕ್ಸೂಚಿ. ಸುತ್ತ ಕಬ್ಬಿಣ ಇದ್ದರೆ ದಿಕ್ಸೂಚಿಯ ಮುಳ್ಳು ಸರಿಯಾಗಿ ನಿಲ್ಲುವುದಿಲ್ಲ. ಇದರಲ್ಲಿ ಇನ್ನೊಂದು ಸೋಜಿಗ ಇದೆ. ಹಡಗು ಕಟ್ಟುವಾಗ ಅದು ಯಾವ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತದೋ, ಆ ದಿಕ್ಕಿನ ಗುಣ ಅದರ ಕಬ್ಬಿಣದಲ್ಲಿ ಉಳಿದುಬಿಡುತ್ತದೆ. ತಿಂಗಳುಗಟ್ಟಲೆ ಸುತ್ತಿಗೆ ಪೆಟ್ಟು ಬೀಳುತ್ತಾ ಬೀಳುತ್ತಾ ಭೂಮಿಯ ಕಾಂತಶಕ್ತಿ ತಗಡಿಗೆ ಹಿಡಿದುಕೊಳ್ಳುತ್ತದೆ, ಇಡೀ ಹಡಗೇ ಒಂದು ಆಯಸ್ಕಾಂತ ಆಗುತ್ತದೆ. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ 1838ರಲ್ಲಿ ಇದಕ್ಕೆ ಉಪಾಯ ಮಾಡಿದರು, ದಿಕ್ಸೂಚಿಯ ಹತ್ತಿರ ಆಯಸ್ಕಾಂತ ಮತ್ತು ಕಬ್ಬಿಣದ ತುಂಡುಗಳನ್ನು ಲೆಕ್ಕ ಹಾಕಿ ಇಟ್ಟು ತಪ್ಪನ್ನು ಸರಿಮಾಡುವುದು. ಅಲ್ಲಿಂದ ಮುಂದೆ ಕಬ್ಬಿಣದ ಹಡಗು ದೂರದ ಸಮುದ್ರಕ್ಕೆ ಧೈರ್ಯವಾಗಿ ಹೋಗುವಂತಾಯಿತು.

ಎರಡನೆಯದು ಪಾಚಿ. ಮರದ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು, ತಾಮ್ರಕ್ಕೆ ಪಾಚಿ ಚಿಪ್ಪು ಹಿಡಿಯುವುದು ಕಡಿಮೆ. ಕಬ್ಬಿಣಕ್ಕೆ ನೇರವಾಗಿ ತಾಮ್ರ ಹೊಡೆದರೆ ಉಪ್ಪುನೀರಿನಲ್ಲಿ ಕಬ್ಬಿಣ ಬೇಗ ತಿಂದುಹೋಗುತ್ತದೆ. ಹಿತ್ತಾಳೆ ವಾಲ್ವು ಕೂರಿಸಿದ ಕಬ್ಬಿಣದ ಪೈಪು ಆ ಜಾಗದಲ್ಲೇ ಮೊದಲು ತುಕ್ಕು ಹಿಡಿಯುವುದನ್ನು ನಮ್ಮ ಪ್ಲಂಬರುಗಳು ದಿನಾ ನೋಡುತ್ತಾರಲ್ವಾ, ಅದೇ ಸಂಗತಿ. ಹಾಗಾಗಿ ಕಬ್ಬಿಣದ ಹಡಗು ಬಿಸಿನಾಡಿನ ನೀರಿನಲ್ಲಿ ಸ್ವಲ್ಪ ದಿನ ನಿಂತರೂ ತಳದ ತುಂಬ ಪಾಚಿ, ಚಿಪ್ಪು. ವೇಗ ಬಿದ್ದುಹೋಗುತ್ತಿತ್ತು. ಚಹಾ ಸಾಗಿಸುವ ವ್ಯಾಪಾರಿಗಳಂತೂ ಕಬ್ಬಿಣದ ಹಡಗಿನ ಒಳಗೆ ತೇವ ಕಟ್ಟಿ ಚಹಾ ಕೆಡುತ್ತದೆ ಅಂತ ಹತ್ತಿರ ಸೇರಿಸುತ್ತಿರಲಿಲ್ಲ.

ಆದರೂ ಕಬ್ಬಿಣ ಗೆದ್ದಿತು. ಕೊಳೆಯುವುದಿಲ್ಲ, ಹುಳ ಹಿಡಿಯುವುದಿಲ್ಲ. ಮರದಷ್ಟು ದಪ್ಪದ ಗೋಡೆ ಬೇಡ, ಅದರಿಂದ ಅದೇ ಅಳತೆಯ ಹಡಗಿನಲ್ಲಿ ಜಾಸ್ತಿ ಸರಕು ಹಿಡಿಯುತ್ತದೆ. ವ್ಯಾಪಾರಿಗೆ ಇನ್ನೇನು ಬೇಕು?

ಈಗ ಆ ಕಬ್ಬಿಣದ ಬಗ್ಗೆ ಎರಡು ಮಾತು, ಇದು ನನ್ನ ಕಸುಬಿನ ವಿಷಯ. ಯೂಟರ್ಪಿಯ ಒಡಲು ಉಕ್ಕಿನದಲ್ಲ, ಮೆದು ಕಬ್ಬಿಣದ್ದು. ಕುಲುಮೆಯಲ್ಲಿ ಬೀಡು ಕಬ್ಬಿಣವನ್ನು ಕಾಯಿಸಿ, ಉದ್ದನೆಯ ಸರಳಿನಿಂದ ಕಲಕಿ ಕಲಕಿ, ಮುದ್ದೆ ಮಾಡಿ, ಬಡಿದು, ಉರುಳೆಗಳ ನಡುವೆ ಹಾಯಿಸಿ ತಗಡು ಮಾಡುತ್ತಿದ್ದರು. ಆ ಕಬ್ಬಿಣದೊಳಗೆ ಕಿಟ್ಟದ ಸಣ್ಣ ಎಳೆಗಳು ಉಳಿದಿರುತ್ತವೆ. ಮುರಿದು ನೋಡಿದರೆ ನಾರುನಾರಾಗಿ ಕಾಣುತ್ತದೆ. ಈ ಎಳೆಗಳೇ ತುಕ್ಕು ಒಳಕ್ಕೆ ಇಳಿಯುವುದನ್ನು ತಡೆಯುತ್ತವೆ ಅಂತ ಹಳೆಯ ಕೆಲಸಗಾರರೆಲ್ಲ ಹೇಳುತ್ತಾರೆ. 1880ರ ನಂತರ ಉಕ್ಕು ಅಗ್ಗವಾಯಿತು, ಹಡಗುಕಟ್ಟೆಗಳು ಅತ್ತ ತಿರುಗಿದವು, ಇಂಥ ಕಬ್ಬಿಣದ ಹಡಗಿನ ಕಾಲ ಮುಗಿಯಿತು.

ಆ ಹಡಗಿನ ಒಳಗಿಳಿದು ಗೋಡೆ ನೋಡಿದಾಗ ನನಗೆ ಕಾಲು ಕೀಳುವುದಕ್ಕೇ ಮನಸ್ಸಾಗಲಿಲ್ಲ. ಎಲ್ಲೂ ವೆಲ್ಡಿಂಗ್ ಇಲ್ಲ. ತಗಡಿನ ಮೇಲೆ ತಗಡು, ಅಂಚಿನುದ್ದಕ್ಕೂ ಸಾಲು ಸಾಲು ರಿವಿಟ್ ತಲೆಗಳು. ನಮ್ಮ ಹಳೆಯ ರೈಲು ಸೇತುವೆಗಳ ಕೆಳಗೆ ನಿಂತು ತಲೆ ಎತ್ತಿದರೆ ಕಾಣುತ್ತವಲ್ಲ, ಅಂಥವೇ. ಒಂದೊಂದು ರಿವಿಟ್ಟಿಗೂ ನಾಲ್ಕೈದು ಜನ ಬೇಕು. ಒಬ್ಬ ಹುಡುಗ ಸಣ್ಣ ಕುಲುಮೆಯಲ್ಲಿ ರಿವಿಟ್ ಕೆಂಪಗೆ ಕಾಯಿಸಿ ಇಕ್ಕಳದಲ್ಲಿ ಎತ್ತಿ ಕೊಡುತ್ತಾನೆ. ಇನ್ನೊಬ್ಬ ಅದನ್ನು ತೂತಿಗೆ ತೂರಿಸುತ್ತಾನೆ. ಒಳಗಡೆ ಇರುವವನು ಭಾರದ ಸುತ್ತಿಗೆಯನ್ನು ರಿವಿಟ್ಟಿನ ತಲೆಗೆ ಒತ್ತಿ ಹಿಡಿದು ನಿಲ್ಲುತ್ತಾನೆ. ಹೊರಗೆ ಇಬ್ಬರು, ಒಬ್ಬ ಬಲಗೈಯವನು ಇನ್ನೊಬ್ಬ ಎಡಗೈಯವನು, ಒಬ್ಬರ ಪೆಟ್ಟು ಬಿದ್ದ ಕೂಡಲೇ ಇನ್ನೊಬ್ಬರ ಪೆಟ್ಟು, ಕೆಂಪು ಆರುವುದರೊಳಗೆ ತುದಿಯನ್ನು ಬಡಿದು ಚಪ್ಪಟೆ ಮಾಡಬೇಕು. ರಿವಿಟ್ ತಣ್ಣಗಾಗುತ್ತಾ ಕುಗ್ಗುತ್ತದೆ, ಕುಗ್ಗುತ್ತಾ ಎರಡು ತಗಡನ್ನೂ ಬಿಗಿಯಾಗಿ ಎಳೆದು ಕೂರಿಸುತ್ತದೆ. ಆಮೇಲೆ ತಗಡಿನ ಅಂಚನ್ನು ಉಳಿಯಿಂದ ಬಡಿದು ಸಂದು ಮುಚ್ಚಬೇಕು, ನೀರು ನುಗ್ಗಬಾರದು. ಇಡೀ ಹಡಗು ಹೀಗೆ ಕೈಯಲ್ಲಿ ಬಡಿದು ಮಾಡಿದ್ದು. ನಾನು ಒಂದು ಸಾಲಿನ ಮೇಲೆ ಬೆರಳಾಡಿಸಿ ನೋಡಿದೆ. ಎಲ್ಲ ತಲೆಗಳೂ ಒಂದೇ ಸಮ ಇಲ್ಲ. ಕೆಲವು ಸ್ವಲ್ಪ ವಾರೆಯಾಗಿವೆ, ಒಂದೆರಡರ ಮೇಲೆ ಸುತ್ತಿಗೆಯ ಅಂಚು ತಾಗಿದ ಗುರುತು ಇದೆ. ಬಡಿದವರ ಹೆಸರು ಯಾರಿಗೂ ನೆನಪಿಲ್ಲ, ಅವರ ಕೈ ಮಾತ್ರ ಅಲ್ಲಿದೆ.

ಇಷ್ಟು ಗಟ್ಟಿ ಹಡಗಿಗೆ ಶುರುವೇ ಸರಿಯಿರಲಿಲ್ಲ. 1864ರ ಜನವರಿಯಲ್ಲಿ ಲಿವರ್‌ಪೂಲಿನಿಂದ ಕಲ್ಕತ್ತೆಗೆ ಹೊರಟಿತು. ವೇಲ್ಸ್ ಕರಾವಳಿ ದಾಟುವುದರೊಳಗೆ ಸ್ಪೇನಿನ ಒಂದು ಹಡಗಿಗೆ ಡಿಕ್ಕಿ. ಮೂತಿಯ ಕಡೆಯ ಮರ, ಹಗ್ಗ ಎಲ್ಲ ಮುರಿದು ಹರಿದುಹೋಯಿತು. ಇಂಥ ಹಡಗಿನಲ್ಲಿ ಮುಂದೆ ಬರುವುದಿಲ್ಲ ಅಂತ ಖಲಾಸಿಗಳು ತಿರುಗಿಬಿದ್ದರು. ಕೊನೆಗೆ ಆಂಗಲ್‌ಸಿ ದ್ವೀಪಕ್ಕೆ ವಾಪಸು ತರಬೇಕಾಯಿತು. ಅಲ್ಲಿ 17 ಖಲಾಸಿಗಳನ್ನು ಬೋಮಾರಿಸ್ ಜೈಲಿಗೆ ಹಾಕಿ ಕಠಿಣ ಶಿಕ್ಷೆ ಕೊಟ್ಟರು. ಪ್ರಾಣದ ಭಯದಿಂದ ಬರಲ್ಲ ಅಂದವರಿಗೆ ಜೈಲು! ಆ ಕಾಲದ ಹಡಗಿನ ಕೂಲಿಯ ಬದುಕು ಅದು. ಹಾಯಿಹಡಗು ಎಷ್ಟು ಚಂದ ಅಂತ ಹೊಗಳುವಾಗ ಈ 17 ಜನರನ್ನೂ ಹೇಳಬೇಕು ಅಂತ ನನ್ನ ಅಭಿಪ್ರಾಯ.

ಎರಡನೇ ಪ್ರಯಾಣ ಇನ್ನೂ ಕಷ್ಟದ್ದು. 1865ರಲ್ಲಿ ಬಂಗಾಳಕೊಲ್ಲಿಯಲ್ಲಿ ಬಿರುಗಾಳಿಗೆ ಸಿಕ್ಕಿಕೊಂಡಿತು. ಗಾಳಿ ಹಡಗನ್ನೇ ಒಂದು ಬದಿಗೆ ಮಲಗಿಸುವ ಹೊತ್ತಿನಲ್ಲಿ ಮಾಡುವುದೊಂದೇ, ಕೊಡಲಿ ತಗೊಂಡು ಹಾಯಿಕಂಬದ ಹಗ್ಗ ಕಡಿಯುವುದು. ಕಂಬ ಬಿದ್ದರೆ ಮೇಲಿನ ಭಾರ ಹೋಗುತ್ತದೆ, ಹಡಗು ನೆಟ್ಟಗಾಗುತ್ತದೆ. ಬಿದ್ದ ಕಂಬ ಹಗ್ಗಕ್ಕೆ ನೇತಾಡುತ್ತಾ ಒಡಲಿಗೆ ಬಡಿಯುತ್ತಿದ್ದರೆ ಅದೂ ಅಪಾಯವೇ, ಅದನ್ನೂ ಕಡಿದು ಬಿಡಬೇಕು. ಇಷ್ಟೆಲ್ಲ ಮಾಡುವುದು ಕತ್ತಲಲ್ಲಿ, ಡೆಕ್ ಮೇಲೆ ನೀರು ನುಗ್ಗುತ್ತಿರುವಾಗ. ಯೂಟರ್ಪಿಯ ಕಂಬಗಳನ್ನು ಹಾಗೆ ಕಡಿದರು. ಬೋಳು ಹಡಗು ತೆವಳುತ್ತಾ ಸಿಂಹಳದ ಟ್ರಿಂಕೊಮಲಿ ಮುಟ್ಟಿತು, ಅಲ್ಲಿಂದ ಕಲ್ಕತ್ತೆಗೆ ಬಂದು ರಿಪೇರಿ ಮಾಡಿಸಿಕೊಂಡಿತು. ಅದರ ಮೊದಲ ಕಪ್ತಾನ ವಿಲಿಯಂ ಸ್ಟೋರಿ ಊರಿಗೆ ವಾಪಸು ಹೋಗುವ ದಾರಿಯಲ್ಲಿ ತೀರಿಕೊಂಡರು. ಸಮುದ್ರದಲ್ಲೇ ಅವರ ಅಂತ್ಯಸಂಸ್ಕಾರ ಆಯಿತು. ಮರದ ಹಡಗಾಗಿದ್ದರೆ ಅಂಥ ಹೊಡೆತಕ್ಕೆ ಹಲಗೆಗಳ ಸಂದು ಬಿಟ್ಟು ನೀರು ನುಗ್ಗುತ್ತಿತ್ತು ಅಂತ ನನ್ನ ಲೆಕ್ಕ. ರಿವಿಟ್ ಹೊಡೆದವರು ಹಡಗನ್ನು ಉಳಿಸಿದರು.

1867ರಲ್ಲಿ ಹಡಗು ಲಂಡನ್ನಿನ ಡೇವಿಡ್ ಬ್ರೌನ್ ಎಂಬವರ ಕೈಗೆ ಹೋಯಿತು. ಅವರ ಕಾಲದಲ್ಲಿ ನಾಲ್ಕು ಸಲ ಇಂಡಿಯಾಕ್ಕೆ ಬಂದುಹೋಯಿತು, ದೊಡ್ಡ ತೊಂದರೆ ಏನೂ ಆಗಲಿಲ್ಲ. ಅಷ್ಟರಲ್ಲಿ 1869 ಬಂತು, ಸೂಯೆಜ್ ಕಾಲುವೆ ತೆರೆಯಿತು. ಹಾಯಿಹಡಗಿಗೆ ಆ ದಾರಿ ಉಪಯೋಗವಿಲ್ಲ, ಕೆಂಪು ಸಮುದ್ರದ ಗಾಳಿ ಅದಕ್ಕೆ ಒಗ್ಗುವುದಿಲ್ಲ. ಉಗಿಹಡಗಿಗೆ ಮಾತ್ರ ಆಫ್ರಿಕಾ ಸುತ್ತುವ ಕಷ್ಟ ತಪ್ಪಿತು. ಇಂಡಿಯಾದ ವ್ಯಾಪಾರ ಉಗಿಹಡಗುಗಳ ಪಾಲಾಯಿತು. ಸೇತುವೆ ಆದ ದಿನದಿಂದ ಲಾಂಚಿನ ಕೆಲಸ ಹೋಯಿತಲ್ಲ, ಯೂಟರ್ಪಿಗೆ ಆಗಿದ್ದೂ ಅದೇ. ಆಗ ಅದನ್ನು ಒಡೆದು ಹಾಕಬಹುದಿತ್ತು. ಹಾಕಲಿಲ್ಲ, ಬೇರೆ ಕೆಲಸ ಹುಡುಕಿದರು.

ಆ ಕೆಲಸ ಸಿಕ್ಕಿದ್ದು ನ್ಯೂಜಿಲೆಂಡಿನ ದಾರಿಯಲ್ಲಿ. 1871ರಲ್ಲಿ ಶಾ ಸೆವಿಲ್ ಕಂಪನಿ ಹಡಗನ್ನು ಕೊಂಡಿತು. ಅಲ್ಲಿಂದ 25 ವರ್ಷ ಇಂಗ್ಲೆಂಡಿನಿಂದ ನ್ಯೂಜಿಲೆಂಡಿಗೆ ವಲಸೆ ಹೋಗುವ ಬಡವರನ್ನು ಸಾಗಿಸಿತು. ಹೋಗುವಾಗ ಆಫ್ರಿಕಾದ ತುದಿ ಬಳಸಿ ದಕ್ಷಿಣದ ಜೋರು ಪಡುಗಾಳಿ ಹಿಡಿದು ಪೂರ್ವಕ್ಕೆ, ಬರುವಾಗಲೂ ಪೂರ್ವಕ್ಕೇ, ದಕ್ಷಿಣ ಅಮೆರಿಕದ ಕೇಪ್ ಹಾರ್ನ್ ಸುತ್ತಿ. ಅಂದರೆ ಒಂದು ಸಲ ಹೋಗಿಬಂದರೆ ಭೂಮಿಗೆ ಒಂದು ಪ್ರದಕ್ಷಿಣೆ. ಯೂಟರ್ಪಿ ಹೀಗೆ 21 ಸಲ ಭೂಮಿ ಸುತ್ತಿತು. ನ್ಯೂಜಿಲೆಂಡ್ ಮುಟ್ಟುವುದಕ್ಕೆ ಬೇಗ ಅಂದರೆ 100 ದಿನ, ತಡ ಅಂದರೆ 143 ದಿನ.

ನೂರು ದಿನ ಆ ಹಡಗಿನೊಳಗೆ ಇರುವುದು ಅಂದರೆ ಹೇಗಿರಬಹುದು ಯೋಚಿಸಿ. ಡೆಕ್ಕಿನ ಕೆಳಗಿನ ಅಂತಸ್ತಿನಲ್ಲಿ ಸಾಲಾಗಿ ಹಲಗೆಯ ಮಂಚ. ಗಂಡುಹುಡುಗರು ಮುಂದಿನ ಕಡೆ, ಸಂಸಾರಸ್ಥರು ನಡುವೆ, ಮದುವೆಯಾಗದ ಹೆಣ್ಣುಮಕ್ಕಳು ಹಿಂದೆ, ವಲಸೆ ಹಡಗುಗಳಲ್ಲಿ ಇದು ಪದ್ಧತಿ. ಊಟಕ್ಕೆ ಉಪ್ಪು ಹಾಕಿದ ಮಾಂಸ, ಕಲ್ಲಿನಷ್ಟು ಗಟ್ಟಿ ಬಿಸ್ಕತ್ತು, ಅಳೆದು ಕೊಡುವ ನೀರು. ದಕ್ಷಿಣದ ಸಮುದ್ರದಲ್ಲಿ ಅಲೆ ಡೆಕ್ ಮೇಲೆ ಹತ್ತಿದಾಗ ಬಾಗಿಲು ಮುಚ್ಚಿ ಒಳಗೇ ಕೂರಬೇಕು, ಬೆಳಕಿಲ್ಲ, ಗಾಳಿಯಿಲ್ಲ, ಪಕ್ಕದವರ ವಾಂತಿ. ಆದರೂ ಜನ ಜನವೇ ನೋಡಿ. 1879ರ ಪ್ರಯಾಣದಲ್ಲಿ ಬೇಸರ ಕಳೆಯಲು ಪ್ರಯಾಣಿಕರೇ ಸೇರಿ ಹಡಗಿನ ಮೇಲೆ ಒಂದು ಪತ್ರಿಕೆ ನಡೆಸಿದರು! ಸಂಪಾದಕರೇ, ನಿಮಗೆ ಇದು ಇಷ್ಟ ಆಗುತ್ತದೆ ಅಂತ ಬರೆದೆ. ಇನ್ನೊಂದು ಪ್ರಯಾಣದಲ್ಲಿ ಹುಟ್ಟಿದ ಮಗುವಿಗೆ ಹೆಸರಿನ ನಡುವೆ ಯೂಟರ್ಪಿ ಅಂತ ಸೇರಿಸಿಯೇ ಹೆಸರಿಟ್ಟರಂತೆ.

1897ರ ಹೊತ್ತಿಗೆ ಅಲ್ಲೂ ಉಗಿಹಡಗು ಬಂತು. ಯೂಟರ್ಪಿಯನ್ನು ಮತ್ತೆ ಮಾರಿದರು. ಒಂದಷ್ಟು ಕಾಲ ಹವಾಯಿ ದ್ವೀಪದ ಬಾವುಟದಡಿ ಇತ್ತು, ಮರ, ಕಲ್ಲಿದ್ದಲು, ಸಕ್ಕರೆ ಸಾಗಿಸಿತು. 1901ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಅಲಾಸ್ಕಾ ಪ್ಯಾಕರ್ಸ್ ಅನ್ನುವ ಮೀನಿನ ಕಂಪನಿ ಕೊಂಡಿತು. ಹಿಂದಿನ ಕಂಬದ ಅಡ್ಡಹಾಯಿ ತೆಗೆದು ಉದ್ದಹಾಯಿ ಹಾಕಿದರು, ಆಗ ಕಡಿಮೆ ಜನ ಸಾಕಾಗುತ್ತದೆ. 1906ರಲ್ಲಿ ಹೆಸರೂ ಬದಲಾಯಿತು. ಆ ಕಂಪನಿಯ ಎಷ್ಟೋ ಹಡಗುಗಳಿಗೆ 'ಸ್ಟಾರ್' ಅಂತ ಶುರುವಾಗುವ ಹೆಸರು, ಇದು 'ಸ್ಟಾರ್ ಆಫ್ ಇಂಡಿಯಾ' ಆಯಿತು.

ಕೆಲಸ ಹೀಗಿತ್ತು. ವಸಂತದಲ್ಲಿ ಮೀನುಗಾರರು, ಡಬ್ಬಿ ಕಾರ್ಖಾನೆಯ ಕೂಲಿಗಳು, ಕಲ್ಲಿದ್ದಲು, ತಗಡು ಎಲ್ಲ ತುಂಬಿಕೊಂಡು ಓಕ್ಲೆಂಡಿನಿಂದ ಅಲಾಸ್ಕಾದ ಬೇರಿಂಗ್ ಸಮುದ್ರಕ್ಕೆ ಹೋಗುವುದು. ಚಳಿಗಾಲಕ್ಕೆ ಮುಂಚೆ ಡಬ್ಬಿ ತುಂಬಿದ ಸಾಲ್ಮನ್ ಮೀನು ಹೇರಿಕೊಂಡು ಬರುವುದು. ಉಳಿದ ತಿಂಗಳು ಲಂಗರು ಹಾಕಿ ಸುಮ್ನೆ ನಿಲ್ಲುವುದು. ವರ್ಷದ ಅರ್ಧ ಖಾಲಿ ನಿಲ್ಲುವ ಕೆಲಸಕ್ಕೆ ಹೊಸ ಉಗಿಹಡಗು ಕೊಂಡರೆ ಗಿಟ್ಟುವುದಿಲ್ಲ, ಹಳೆಯ ಹಾಯಿಹಡಗೇ ಸರಿ ಅಂತ ಕಂಪನಿಯ ಲೆಕ್ಕ. ಇದರಿಂದ ಕಬ್ಬಿಣದ ಎಷ್ಟೋ ಹಡಗುಗಳು ಗುಜರಿಯಿಂದ ಉಳಿದವು. ಆದರೆ ಅದರ ಇನ್ನೊಂದು ಮಗ್ಗುಲೂ ಇದೆ. ಅದೇ ಕಂಪನಿಯ 'ಸ್ಟಾರ್ ಆಫ್ ಬೆಂಗಾಲ್' ಅನ್ನುವ ಕಬ್ಬಿಣದ ಹಡಗು 1908ರಲ್ಲಿ ಅಲಾಸ್ಕಾದ ಬಂಡೆಗಳಿಗೆ ಬಡಿದು ಒಡೆಯಿತು, 100ಕ್ಕೂ ಜಾಸ್ತಿ ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಏಷ್ಯಾದಿಂದ ಹೊಟ್ಟೆಪಾಡಿಗೆ ಹೋಗಿದ್ದ ಡಬ್ಬಿ ಕಾರ್ಖಾನೆಯ ಕೂಲಿಗಳು. ಹಡಗು ಉಳಿಸುವುದು ಅಂದರೆ ಇವರ ನೆನಪನ್ನೂ ಉಳಿಸುವುದು.

ಸ್ಟಾರ್ ಆಫ್ ಇಂಡಿಯಾ ಅಲಾಸ್ಕಾಕ್ಕೆ 22 ಸಲ ಹೋಗಿಬಂದು 1923ರಲ್ಲಿ ನಿಂತಿತು. ಅದೇ 1923ರಲ್ಲಿ ನಮ್ಮ ಭದ್ರಾವತಿಯಲ್ಲಿ ಕಬ್ಬಿಣ ತಯಾರಾಗಲು ಶುರುವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ನಮ್ಮ ಕಾಡಿನ ಮರದ ಇದ್ದಿಲು, ವಿಶ್ವೇಶ್ವರಯ್ಯನವರ ಹಟ. ಇದು ಕಾಕತಾಳೀಯ ಅಷ್ಟೇ, ಒಂದಕ್ಕೊಂದು ಸಂಬಂಧ ಇಲ್ಲ. ಆದರೆ ಆ ಹಡಗಿನ ಬೋರ್ಡಿನಲ್ಲಿ ಆ ಇಸವಿ ಓದಿದಾಗ ಭದ್ರಾವತಿಯವನಾದ ನನಗೆ ಎದೆಗೆ ತಾಗಿತು. ಕಾರ್ಖಾನೆ ಮುಚ್ಚುವ ಮಾತು ಬಂದಾಗಲೆಲ್ಲ ನಮ್ಮೂರಿನ ಮನೆಗಳಲ್ಲಿ ಏನಾಗುತ್ತದೆ ಅಂತ ಗೊತ್ತಿರುವವರಿಗೆ ಇದು ಅರ್ಥ ಆಗುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಭಾಗ. 1926ರಲ್ಲಿ ಸ್ಯಾನ್ ಡಿಯಾಗೋದ ಪ್ರಾಣಿಸಂಗ್ರಹಾಲಯದ ಸಂಘ 9,000 ಡಾಲರಿಗೆ ಈ ಹಡಗು ಪಡೆಯಿತು. ಮ್ಯೂಸಿಯಂ ಮಾಡೋಣ, ಮೀನಿನ ಸಂಗ್ರಹಾಲಯ ಮಾಡೋಣ ಅಂತ ಯೋಜನೆ. ಅಷ್ಟರಲ್ಲಿ ಆರ್ಥಿಕ ಕುಸಿತ, ಆಮೇಲೆ ಎರಡನೇ ಮಹಾಯುದ್ಧ. ಯೋಜನೆ ಹಾಗೇ ಬಿತ್ತು. ಯುದ್ಧದ ಕಾಲದಲ್ಲಿ ವಿಮಾನಗಳಿಗೆ ಅಡ್ಡ ಅಂತ ಕಂಬಗಳ ಮೇಲಿನ ಭಾಗವನ್ನೂ ಇಳಿಸಿದರು. ಮೂವತ್ತು ವರ್ಷ ಹಡಗು ಬಂದರಿನಲ್ಲಿ ತುಕ್ಕು ಹಿಡಿಯುತ್ತಾ ನಿಂತಿತ್ತು. ಭೂಮಿ ಸುತ್ತುವಾಗ ಆಗದ ಹಾಳು ಸುಮ್ನೆ ನಿಂತಿದ್ದಾಗ ಆಯಿತು.

1957ರಲ್ಲಿ ಅಲನ್ ವಿಲಿಯರ್ಸ್ ಎಂಬ ಹಾಯಿಹಡಗಿನ ಕಪ್ತಾನ ಭಾಷಣ ಮಾಡಲು ಆ ಊರಿಗೆ ಬಂದರು. ಹಡಗಿನ ಸ್ಥಿತಿ ನೋಡಿ ಅದರ ಬಗ್ಗೆ ಬಹಿರಂಗವಾಗಿ ಮಾತಾಡಿದರು. ಊರವರಿಗೆ ನಾಚಿಕೆ ಆಯಿತು ಅಂತ ಕಾಣುತ್ತದೆ. 1959ರಲ್ಲಿ ಊರವರೇ ಒಂದು ಸಮಿತಿ ಮಾಡಿಕೊಂಡು ದುರಸ್ತಿಗೆ ನಿಂತರು. ದುಡ್ಡು ಬಂದಷ್ಟು ಕೆಲಸ, ನಿಂತಾಗ ನಿಂತಿತು. ಕೊನೆಗೆ 1976ರಲ್ಲಿ ಹಡಗು ಹಾಯಿ ಬಿಚ್ಚಿ ಮತ್ತೆ ಸಮುದ್ರಕ್ಕೆ ಹೋಯಿತು. ಸುಮಾರು 50 ವರ್ಷ ನಿಂತ ಹಡಗು ಅದು. ಇವತ್ತಿಗೂ ಅದನ್ನು ನೋಡಿಕೊಳ್ಳುವವರಲ್ಲಿ ಬಹಳಷ್ಟು ಜನ ಸಂಬಳವಿಲ್ಲದ ಸ್ವಯಂಸೇವಕರು. ನಾನು ಹೋದ ದಿನ ತಲೆ ಬೆಳ್ಳಗಾದ ಒಬ್ಬ ಹೆಂಗಸು ಹಗ್ಗಕ್ಕೆ ದಾರ ಸುತ್ತುತ್ತಾ ಕೂತಿದ್ದರು, ಪಕ್ಕದಲ್ಲಿ ಕಾಲೇಜು ಓದುವ ವಯಸ್ಸಿನ ಹುಡುಗ ನೋಡಿ ಕಲಿಯುತ್ತಿದ್ದ. ಹಾಯಿ ಏರಿಸುವುದು, ಇಳಿಸುವುದು ಎಲ್ಲ ಇವರೇ. ಮತ್ತೆ ಸಮುದ್ರಕ್ಕೆ ಹೋಗಲೇಬೇಕು ಅನ್ನುವ ಗುರಿ ಇದ್ದಾಗ ಯಾವ ಹಗ್ಗ ಜೀರ್ಣವಾಗಿದೆ, ಯಾವ ತಗಡು ತೆಳ್ಳಗಾಗಿದೆ ಅಂತ ಯಾರಾದರೂ ನೋಡಲೇಬೇಕಾಗುತ್ತದೆ. ಪ್ರದರ್ಶನಕ್ಕೆ ಇಟ್ಟದ್ದನ್ನು ಯಾರು ನೋಡುತ್ತಾರೆ? ಬಣ್ಣದ ಮೇಲೆ ಬಣ್ಣ ಬಳಿಯುತ್ತಾರೆ, ಒಳಗೆ ತುಕ್ಕು ತಿನ್ನುತ್ತಿರುತ್ತದೆ.

ಇನ್ನೆರಡು ಹಡಗುಗಳ ಗತಿ ಹೇಳುತ್ತೇನೆ, ಆಗ ನನ್ನ ಮಾತು ಸ್ಪಷ್ಟವಾಗುತ್ತದೆ. ಒಂದು 'ಜೇಮ್ಸ್ ಕ್ರೇಗ್'. 1874ರಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡಿನಲ್ಲಿ ಕಟ್ಟಿದ ಕಬ್ಬಿಣದ ಹಡಗು. ಕೊನೆಗೆ ಕಲ್ಲಿದ್ದಲು ತುಂಬುವ ದೋಣಿಯಾಗಿ, 1932ರಲ್ಲಿ ಟಾಸ್ಮೇನಿಯಾದ ರಿಷೆರ್ಶ್ ಕೊಲ್ಲಿಯಲ್ಲಿ ಒಡಲಿಗೆ ತೂತು ಹೊಡೆದು ಮುಳುಗಿಸಿಬಿಟ್ಟಿದ್ದರು. ನಲವತ್ತು ವರ್ಷ ಹಾಗೇ ಬಿದ್ದಿತ್ತು. 1972ರಲ್ಲಿ ಸಿಡ್ನಿಯ ಸ್ವಯಂಸೇವಕರು ಅದನ್ನು ಎತ್ತಿ ತೇಲಿಸಿದರು, ವರ್ಷಾನುಗಟ್ಟಲೆ ದುಡಿದು ತಗಡು ಬದಲಿಸಿದರು. ಇವತ್ತು ಅದು ಸಿಡ್ನಿಯಿಂದ ಜನರನ್ನು ಕೂರಿಸಿಕೊಂಡು ಹಾಯಿ ಹಾಕಿ ಹೋಗುತ್ತದೆ. ಇನ್ನೊಂದು 'ಫಾಲ್ಸ್ ಆಫ್ ಕ್ಲೈಡ್', 1878ರದ್ದು, ನಾಲ್ಕು ಕಂಬದ ಕಬ್ಬಿಣದ ಹಡಗು. ಹೊನೊಲುಲುವಿನಲ್ಲಿ ಮ್ಯೂಸಿಯಂ ಹಡಗಾಗಿ ಇಟ್ಟಿದ್ದರು. ಓಡಿಸಲಿಲ್ಲ. ನೋಡಿಕೊಳ್ಳುವವರು ಕಡಿಮೆಯಾದರು, ದುಡ್ಡು ಕಡಿಮೆಯಾಯಿತು, ತಗಡು ಪುಡಿಪುಡಿಯಾಯಿತು. ಕಳೆದ 2025ರ ಅಕ್ಟೋಬರಿನಲ್ಲಿ ಅದನ್ನು ನಡುಸಮುದ್ರಕ್ಕೆ ಎಳೆದುಕೊಂಡು ಹೋಗಿ ಮುಳುಗಿಸಿದರು. ಸಿಗಂದೂರು ಸೇತುವೆ ಉದ್ಘಾಟನೆಯಾದ ವರ್ಷವೇ.

ಲಾಂಚ್ ಅಷ್ಟು ಹಳೆಯದಲ್ಲ, ಭೂಮಿ ಸುತ್ತಿದ್ದೂ ಅಲ್ಲ, ಅದಕ್ಕೇಕೆ ಇಷ್ಟು ಮಾತು ಅಂತ ಕೇಳುವವರು ಇರುತ್ತಾರೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು, ಶರಾವತಿ ಹರಡಿಕೊಂಡಳು, ನಾಡಿಗೆಲ್ಲ ಕರೆಂಟು ಬಂತು. ಹಿನ್ನೀರಿನ ಆಚೆ ಉಳಿದ ಕರೂರು, ಬಾರಂಗಿ ಹೋಬಳಿಯ ಊರುಗಳಿಗೆ ಸಾಗರ ಮುಟ್ಟಲು ಉಳಿದದ್ದು ಈ ಲಾಂಚ್. ಅಡಿಕೆ ಮೂಟೆ, ಗೊಬ್ಬರ, ಬಸ್ಸು, ಮದುವೆ ದಿಬ್ಬಣ, ಪರೀಕ್ಷೆಗೆ ಹೋಗುವ ಮಕ್ಕಳು, ಹೆರಿಗೆ ನೋವಿನ ಹೆಂಗಸರು, ಹೆಣ, ಎಲ್ಲ ಅದರ ಮೇಲೆಯೇ ದಾಟಿದ್ದು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ದಡದಲ್ಲೇ ರಾತ್ರಿ. ಬೇಸಿಗೆಯಲ್ಲಿ ನೀರು ಇಳಿದ ವರ್ಷ ವಾಹನ ಹತ್ತಿಸುವುದು ನಿಂತರೆ ಇಡೀ ಹೋಬಳಿಗೆ ತಾಪತ್ರಯ. ಸೇತುವೆ ಬೇಕಿತ್ತು, ಬಂತು, ಅದು ಬಂದದ್ದು ನ್ಯಾಯವೇ. ಮುಳುಗಡೆಯವರ ಕಷ್ಟ ಏನು ಅಂತ ನಾಳಿನ ಮಕ್ಕಳಿಗೆ ತೋರಿಸಲು ನಮ್ಮ ಹತ್ತಿರ ಇನ್ನೇನಿದೆ ಹೇಳಿ? ಊರುಗಳು ನೀರಿನಡಿ ಇವೆ. ಮೇಲೆ ತೇಲಿದ್ದು ಲಾಂಚ್ ಮಾತ್ರ.

ನಮಗೆ ಒಂದು ಅನುಕೂಲವೂ ಇದೆ. ಶರಾವತಿಯದು ಸಿಹಿನೀರು. ಉಪ್ಪುನೀರಿಗೆ ಹೋಲಿಸಿದರೆ ತುಕ್ಕು ನಿಧಾನ. 160 ವರ್ಷ ದಾಟಿದ ಹಡಗನ್ನು ಸಮುದ್ರದಲ್ಲಿ ಇಟ್ಟುಕೊಂಡಿದ್ದಾರೆ ಅಂದಮೇಲೆ ಒಂದು ಲಾಂಚನ್ನು ಹಿನ್ನೀರಿನಲ್ಲಿ ಇಟ್ಟುಕೊಳ್ಳುವುದು ಆಗದ ಕೆಲಸ ಅಲ್ಲ. ಹಸಿರುಮಕ್ಕಿ, ಮುಪ್ಪಾನೆ ಕಡೆಯ ಲಾಂಚ್‌ಗಳಿಗೂ ಮುಂದೊಂದು ದಿನ ಇದೇ ಪ್ರಶ್ನೆ ಬರುತ್ತದೆ, ಈಗಲೇ ದಾರಿ ಹಾಕಿಕೊಂಡರೆ ಒಳ್ಳೆಯದು.

ಒಳನಾಡು ಜಲಸಾರಿಗೆಯವರಲ್ಲಿ ಮತ್ತು ಸಾಗರದ ಜನಪ್ರತಿನಿಧಿಗಳಲ್ಲಿ ನನ್ನ ಬೇಡಿಕೆ ಇಷ್ಟು. ಗಟ್ಟಿ ಇರುವ ಒಂದು ಲಾಂಚ್ ಆರಿಸಿ, ಅಂಬಾರಗೋಡ್ಲು ದಡದಿಂದ ಭಾನುವಾರ ಮತ್ತು ಹಬ್ಬದ ದಿನಗಳಲ್ಲಾದರೂ ಓಡಿಸಿ. ಟಿಕೆಟ್ ಇಡಿ, ಜನ ಕೊಡುತ್ತಾರೆ. ಇಷ್ಟು ವರ್ಷ ಅದನ್ನು ನಡೆಸಿದ ಚಾಲಕರು, ಹಗ್ಗ ಹಿಡಿದವರು ಇನ್ನೂ ಇದ್ದಾರೆ. ಅವರನ್ನೇ ಕರೆದು ಕೂರಿಸಿ, ಅವರ ಬಾಯಿಂದಲೇ ಕಥೆ ಬರಲಿ, ಅದನ್ನು ಯಾರಾದರೂ ರೆಕಾರ್ಡ್ ಮಾಡಲಿ. ಹಳೆಯ ಲಾಗ್ ಪುಸ್ತಕ, ಟಿಕೆಟ್ ಕಟ್ಟು ಎಲ್ಲಾದರೂ ಗೋಣಿಚೀಲದಲ್ಲಿ ಇದ್ದರೆ ರದ್ದಿಗೆ ಹಾಕುವ ಮೊದಲು ತೆಗೆದಿಡಿ.

ತಳದ ತಗಡಿನ ವಿಷಯ ನಾನು ಹೇಳಬಲ್ಲೆ. ಬೇಸಿಗೆಯಲ್ಲಿ ನೀರು ಇಳಿದಾಗ ಲಾಂಚನ್ನು ದಡಕ್ಕೆ ಎಳೆದು, ಪಾಚಿ ಕೆರೆದು, ಅಲ್ಟ್ರಾಸಾನಿಕ್ ಗೇಜ್ ಹಿಡಿದು ಅಡಿಯಿಂದ ಅಡಿಗೆ ದಪ್ಪ ಅಳೆಯಬೇಕು. ಎಲ್ಲಿ ತೆಳ್ಳಗಾಗಿದೆಯೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಬೇಕು. ಆಮೇಲೆ ರೆಡ್ ಆಕ್ಸೈಡ್, ಅದು ಒಣಗಿದ ಮೇಲೆ ಬಣ್ಣ, ಇಷ್ಟೆಲ್ಲ ಮಳೆ ಹಿಡಿಯುವುದರೊಳಗೆ ಮುಗಿಯಬೇಕು. ಭದ್ರಾವತಿಯಲ್ಲಿ ಈ ಕೆಲಸ ಬಲ್ಲ ನಿವೃತ್ತರು ಬೇಕಾದಷ್ಟು ಜನ ಇದ್ದಾರೆ, ಫಿಟ್ಟರುಗಳು, ವೆಲ್ಡರುಗಳು, ಮಷಿನಿಸ್ಟುಗಳು. ಹಲವರ ಹತ್ತಿರ ಮಾತಾಡಿದ್ದೇನೆ, ಸಂಬಳ ಬೇಡ, ಊಟ ಮತ್ತು ಬಸ್ ಖರ್ಚು ಕೊಟ್ಟರೆ ಸಾಕು ಅಂದಿದ್ದಾರೆ. ಇಲಾಖೆಯವರು ಈ ಬೇಸಿಗೆಗೆ ಒಂದು ದಿನ ಗೊತ್ತು ಮಾಡಿ ಪತ್ರಿಕೆಯಲ್ಲಿ ಹಾಕಿಸಲಿ. ನಾವು ನಮ್ಮ ಹತಾರ ತಗೊಂಡು ಬರುತ್ತೇವೆ.

ಇಂತಿ,
ಒಬ್ಬ ನಿವೃತ್ತ ಫಿಟ್ಟರ್,
ಭದ್ರಾವತಿ